ಕೊರಿಯರ್ ಬಿಲ್ಲಿನ ‘ಚಾರ್ಜಬಲ್ ವೇಟ್’, ‘ಎನ್‌ಡಿಆರ್’, ‘ಆರ್‌ಟಿಒ’, ‘ಡಿಡಿಪಿ’: ಈ ಪದಗಳ ಅರ್ಥವನ್ನು ಯಾರಾದರೂ ಬಿಡಿಸಿ ಹೇಳುವಿರಾ?

ಪ್ರಶ್ನೆ: ಅರಗಿನಬಣ್ಣ, ಚನ್ನಪಟ್ಟಣ

ಎಲ್ಲರಿಗೂ ನಮಸ್ಕಾರ. ನಮ್ಮದು ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡುವ ಮನೆ. ಆಲೆಮರವನ್ನು ಲೇತಿಗೆ ಕೊಟ್ಟು, ಅದು ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹಿಡಿಸುವ ಕೆಲಸವನ್ನು ನಮ್ಮ ಮಾವನವರೂ ನನ್ನ ಯಜಮಾನರೂ ನೋಡಿಕೊಳ್ಳುತ್ತಾರೆ. ಮಾರಾಟ ನನ್ನ ಪಾಲಿನದು. ಮೊದಲು ಹೆದ್ದಾರಿ ಬದಿಯ ಅಂಗಡಿಗಳಿಗೆ ಬೊಂಬೆ ಕೊಡುತ್ತಿದ್ದೆವು. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಊರಿನ ಹೊರಗೆ ಹಾದುಹೋದ ಮೇಲೆ ಆ ಅಂಗಡಿಗಳ ಮುಂದೆ ನಿಲ್ಲುವ ಕಾರುಗಳು ಕಡಿಮೆಯಾದವು. ಹಾಗಾಗಿ ನಾವೇ ಒಂದು ಜಾಲತಾಣ ಮಾಡಿಸಿಕೊಂಡು, ಹಲವು ಕೊರಿಯರ್ ಸಂಸ್ಥೆಗಳನ್ನು ಒಂದೇ ಕಡೆ ಒದಗಿಸುವ ಒಂದು ಸೇವೆಯ ಮೂಲಕ ಬೊಂಬೆಗಳನ್ನು ಕಳುಹಿಸುತ್ತಿದ್ದೇವೆ.

ಕಳೆದ ತಿಂಗಳ ಬಿಲ್ಲು ನೋಡಿ ನನಗೆ ದಿಕ್ಕು ತೋಚದಂತಾಗಿದೆ. ಮನೆಯ ತೂಕದ ಯಂತ್ರದಲ್ಲಿ 620 ಗ್ರಾಂ ತೂಗಿದ ಉಂಗುರಗಳ ಗೋಪುರದ ಪೆಟ್ಟಿಗೆಗೆ ‘ಚಾರ್ಜಬಲ್ ವೇಟ್ 2 ಕೆ.ಜಿ.’ ಎಂದು ಹಣ ಹಿಡಿದಿದ್ದಾರೆ. ಲಖನೌಗೆ ಹೋದ ಒಂದು ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್ ಮೊದಲು ‘ಎನ್‌ಡಿಆರ್’ ಎಂದು, ನಾಲ್ಕು ದಿನದ ಬಳಿಕ ‘ಆರ್‌ಟಿಒ ಇನಿಶಿಯೇಟೆಡ್’ ಎಂದು ತೋರಿಸಿ ನಮ್ಮ ಬಾಗಿಲಿಗೇ ಮರಳಿತು, ಹೋದದ್ದಕ್ಕೂ ಬಂದದ್ದಕ್ಕೂ ಬೇರೆ ಬೇರೆ ಶುಲ್ಕ ಬಿತ್ತು. ಇನ್ನೊಬ್ಬ ಗ್ರಾಹಕರಿಗೆ ‘ಮ್ಯಾನಿಫೆಸ್ಟೆಡ್’ ಎಂಬ ಸ್ಥಿತಿ ನೋಡಿ ‘ನಿಮ್ಮ ಪಾರ್ಸೆಲ್ ಹೊರಟಿದೆ’ ಎಂದು ಉತ್ಸಾಹದಿಂದ ತಿಳಿಸಿಬಿಟ್ಟೆ; ಅದು ಮೂರು ದಿನ ನಮ್ಮ ನಡುಮನೆಯಲ್ಲೇ ಇತ್ತು. ಮಗುವಿನ ಹುಟ್ಟುಹಬ್ಬಕ್ಕೆ ತಲುಪಲಿಲ್ಲ. ಆ ತಾಯಿಗೆ ನಾನು ಸುಳ್ಳು ಹೇಳಿದಂತಾಯಿತಲ್ಲ ಎಂಬ ನೋವು ಇನ್ನೂ ಹೋಗಿಲ್ಲ.

ಈಗ ಜರ್ಮನಿಯಿಂದ ಒಬ್ಬರು ಬೊಂಬೆ ಕೇಳಿದ್ದಾರೆ. ‘ಡಿಎಪಿ ಕಳುಹಿಸುತ್ತೀರೋ, ಡಿಡಿಪಿಯೋ’ ಎಂಬುದು ಅವರ ಮೊದಲ ಪ್ರಶ್ನೆ. ಯಾವ ಪದ ಯಾರ ಜೇಬಿಗೆ ಸಂಬಂಧಿಸಿದ್ದು ಎಂಬುದನ್ನು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಹಬ್‌ಕೆಲಸ, ನೆಲಮಂಗಲ

ನಮಸ್ಕಾರ ಮೇಡಂ. ನಾನು ಆರು ವರ್ಷ ಪಾರ್ಸೆಲ್ ವಿಂಗಡಿಸುವ ಹಬ್‌ನಲ್ಲಿ ಕೆಲಸ ಮಾಡಿದವನು. ನಿಮ್ಮ 620 ಗ್ರಾಂ 2 ಕೆ.ಜಿ. ಆದದ್ದು ಹೇಗೆ ಎಂಬುದರಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮಾರಾಟಗಾರರು ತಿಳಿಯದೆ ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲಿಯೇ.

ಹುಲ್ಲಿನ ಗಾಡಿಯನ್ನು ನೆನೆಸಿಕೊಳ್ಳಿ. ಎತ್ತುಗಳಿಗೆ ಭಾರವಾಗುವ ಮೊದಲೇ ಗಾಡಿಯಲ್ಲಿ ಜಾಗ ಮುಗಿದಿರುತ್ತದೆ. ಲಾರಿ, ವಿಮಾನಗಳ ಸ್ಥಿತಿಯೂ ಹಾಗೆಯೇ ಆದ್ದರಿಂದ, ಕೊರಿಯರ್‌ನವರು ಪಾರ್ಸೆಲ್ ತೂಗುವ ತೂಕವನ್ನು ಮಾತ್ರವಲ್ಲ, ಅದು ಹಿಡಿಯುವ ಜಾಗವನ್ನೂ ತೂಕವಾಗಿ ಪರಿವರ್ತಿಸಿ ನೋಡುತ್ತಾರೆ. ತಕ್ಕಡಿಯಲ್ಲಿ ಬರುವುದು ‘ಡೆಡ್ ವೇಟ್’. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವುದು ‘ವಾಲ್ಯುಮೆಟ್ರಿಕ್ ವೇಟ್’. ಇವೆರಡರಲ್ಲಿ ಯಾವುದು ಹೆಚ್ಚೋ ಅದೇ ‘ಚಾರ್ಜಬಲ್ ವೇಟ್’. ಭಾಜಕ ಎಲ್ಲ ಒಪ್ಪಂದಗಳಲ್ಲೂ 5000ವೇ ಇರುವುದಿಲ್ಲ. 4000 ಅಥವಾ 4500 ಎಂದು ಬರೆದಿರುವುದೂ ಉಂಟು. ಭಾಜಕ ಚಿಕ್ಕದಾದಷ್ಟೂ ನಿಮ್ಮ ಬಿಲ್ಲು ದೊಡ್ಡದಾಗುತ್ತದೆ, ಆದ್ದರಿಂದ ದರಪಟ್ಟಿಯಲ್ಲಿ ರೂಪಾಯಿಗಿಂತ ಮೊದಲು ಈ ಸಂಖ್ಯೆಯನ್ನು ಹುಡುಕಿ.

ನಿಮ್ಮ ಪೆಟ್ಟಿಗೆಯ ಅಳತೆ ನನಗೆ ಗೊತ್ತಿಲ್ಲ, ಆದರೆ 30, 20, 15 ಸೆಂ.ಮೀ. ಎಂದುಕೊಳ್ಳಿ. ಗುಣಿಸಿದರೆ 9000, 5000ದಿಂದ ಭಾಗಿಸಿದರೆ 1.8 ಕೆ.ಜಿ. ದರಗಳು ಸಾಮಾನ್ಯವಾಗಿ 500 ಗ್ರಾಂಗಳ ಸ್ಲ್ಯಾಬ್‌ನಲ್ಲಿ ಏರುವುದರಿಂದ ಅದು 2 ಕೆ.ಜಿ. ಆಗುತ್ತದೆ, ಅಂದರೆ ನಾಲ್ಕು ಸ್ಲ್ಯಾಬ್. ಅದೇ ಬೊಂಬೆ 24, 16, 11 ಸೆಂ.ಮೀ. ಪೆಟ್ಟಿಗೆಯಲ್ಲಿ ಹಿಡಿಸಿದರೆ 4224 ಬರುತ್ತದೆ, ಅಂದರೆ ಸುಮಾರು 845 ಗ್ರಾಂ. ಎರಡೇ ಸ್ಲ್ಯಾಬ್‌ಗೆ ಮುಗಿಯಿತು. 620 ಗ್ರಾಂ ತೂಕಕ್ಕೂ ಎರಡು ಸ್ಲ್ಯಾಬ್ ಹೇಗೂ ಕೊಡಲೇಬೇಕಿತ್ತು, ಹಾಗಾಗಿ ಅದಕ್ಕಿಂತ ಚಿಕ್ಕ ಪೆಟ್ಟಿಗೆಗಾಗಿ ಬೊಂಬೆಯನ್ನು ಅಪಾಯಕ್ಕೆ ಒಡ್ಡುವುದು ಬೇಡ.

ಇನ್ನೊಂದು ಸಂಗತಿಯನ್ನು ಹಬ್‌ನಲ್ಲಿ ನಿಂತು ನೋಡಿದವರು ಮಾತ್ರ ಹೇಳಬಲ್ಲರು. ಅಲ್ಲಿ ಬೆಲ್ಟಿನ ಮೇಲೆ ಸಾಗುವ ಪೆಟ್ಟಿಗೆಯನ್ನು ಯಂತ್ರ ಅಳೆಯುವಾಗ ಅದಕ್ಕೆ ಸಿಗುವುದು ಅತಿ ಹೆಚ್ಚು ಉಬ್ಬಿದ ಜಾಗದ ಅಳತೆ. ತುಂಬಿ ತುಳುಕುವಂತೆ ತುರುಕಿ, ಹೊಟ್ಟೆ ಉಬ್ಬಿದ ಮೇಲೆ ಟೇಪು ಸುತ್ತಿದರೆ, ಪ್ರತಿ ಬದಿಯೂ 2 ಸೆಂ.ಮೀ. ಬೆಳೆದು 26, 18, 13 ಆಗುತ್ತದೆ. ಗುಣಿಸಿ ನೋಡಿ: 6084, ಅಂದರೆ 1.2 ಕೆ.ಜಿ.ಗೂ ಸ್ವಲ್ಪ ಹೆಚ್ಚು, ಮೂರನೆಯ ಸ್ಲ್ಯಾಬ್. ನೀವು ನಮೂದಿಸಿದ ತೂಕಕ್ಕೂ ಯಂತ್ರದ ತೂಕಕ್ಕೂ ಹೀಗೆ ಬೀಳುವ ಅಂತರವನ್ನೇ ‘ವೇಟ್ ಡಿಸ್ಕ್ರೆಪೆನ್ಸಿ’ ಎನ್ನುತ್ತಾರೆ. ಅದನ್ನು ಪ್ರಶ್ನಿಸಲು ಒಪ್ಪಂದದಲ್ಲಿ ಕೆಲವೇ ದಿನಗಳ ಗಡುವು ಇರುತ್ತದೆ, ಗಡುವು ಮೀರಿದರೆ ಒಪ್ಪಿಕೊಂಡಂತೆಯೇ ಲೆಕ್ಕ. ಆದ್ದರಿಂದ ಪ್ರತಿ ಬಗೆಯ ಪೆಟ್ಟಿಗೆಗೂ ಒಂದು ಸಲ, ವಿಳಾಸದ ಚೀಟಿ ಕಾಣುವಂತೆ ತಕ್ಕಡಿಯ ಮೇಲೆ ಒಂದು ಚಿತ್ರ, ಅಳತೆ ಟೇಪು ಹಿಡಿದು ಮೂರು ಬದಿಗೆ ಮೂರು ಚಿತ್ರ ತೆಗೆದಿಟ್ಟುಕೊಳ್ಳಿ. ಬರಿಯ ಮಾತಿನ ದೂರಿಗೆ ಅಲ್ಲಿ ಬೆಲೆ ಇಲ್ಲ.

‘ಮ್ಯಾನಿಫೆಸ್ಟೆಡ್’ ಬಗ್ಗೆ ನೀವು ಬೇಸರಪಟ್ಟುಕೊಳ್ಳಬೇಡಿ, ಆ ಪದ ಬಹಳ ಜನರನ್ನು ದಾರಿ ತಪ್ಪಿಸಿದೆ. ಪಾರ್ಸೆಲ್‌ಗೆ ಎಡಬ್ಲ್ಯೂಬಿ ಸಂಖ್ಯೆ, ಅಂದರೆ ಏರ್ ವೇಬಿಲ್ ಸಂಖ್ಯೆ ಸಿಕ್ಕಿದೆ, ಅದು ತೆಗೆದುಕೊಂಡು ಹೋಗಬೇಕಾದವುಗಳ ಪಟ್ಟಿಗೆ ಸೇರಿದೆ ಎಂಬುದಷ್ಟೇ ಅದರ ಅರ್ಥ. ಲಾರಿಯಲ್ಲಿ ಹೋದರೂ ಹೆಸರು ಏರ್ ವೇಬಿಲ್ ಎಂದೇ ಉಳಿದುಕೊಂಡಿದೆ. ‘ಪಿಕ್ಡ್ ಅಪ್’ ಎಂದು ಬಂದ ಮೇಲೆಯೇ ಸರಕು ನಿಮ್ಮ ಕೈ ದಾಟಿದ್ದು. ನಿಮ್ಮ ಮನೆಯಿಂದ ಮೊದಲ ಹಬ್‌ವರೆಗೆ ‘ಫಸ್ಟ್ ಮೈಲ್’, ಹಬ್‌ನಿಂದ ಹಬ್‌ಗೆ ‘ಲೈನ್ ಹಾಲ್’, ಕೊನೆಯ ಕೇಂದ್ರದಿಂದ ಗ್ರಾಹಕರ ಬಾಗಿಲಿಗೆ ‘ಲಾಸ್ಟ್ ಮೈಲ್’.

ವಲಯಗಳ ವಿಷಯವನ್ನೂ ಹೇಳಿಬಿಡುತ್ತೇನೆ. ದರ ನಿಗದಿಯಾಗುವುದು ಪಿನ್‌ಕೋಡ್‌ನಿಂದ. ಬೆಂಗಳೂರಿನ ಪರಿಚಿತರು ದೆಹಲಿಗೆ ಕಡಿಮೆ ದರದಲ್ಲಿ ಕಳುಹಿಸುತ್ತಾರೆ ಎಂದರೆ ಅದು ‘ಮೆಟ್ರೊ ಟು ಮೆಟ್ರೊ’, ಅಂದರೆ ಮಹಾನಗರದಿಂದ ಮಹಾನಗರಕ್ಕೆ ಎಂಬ ವಲಯ. ನಿಮ್ಮದು 562160, ಹೆದ್ದಾರಿಯಲ್ಲಿ ಒಂದು ಗಂಟೆಯ ದಾರಿಯೇ ಆದರೂ ಮೆಟ್ರೊ ಅಲ್ಲ. ಈಶಾನ್ಯ ರಾಜ್ಯಗಳು ಮತ್ತು ಜಮ್ಮು–ಕಾಶ್ಮೀರ ಸಾಮಾನ್ಯವಾಗಿ ಎಲ್ಲಕ್ಕಿಂತ ದುಬಾರಿ ವಲಯ. ‘ಉಚಿತ ಸಾಗಣೆ’ ಎಂದು ಜಾಲತಾಣದಲ್ಲಿ ಹಾಕುವ ಮುನ್ನ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಉತ್ತರ 2: ತೋಪತೆನಿ, ಇಳಕಲ್ಲ

ಅಕ್ಕಾವರೇ, ನಾವು ಇಳಕಲ್ಲ ಸೀರೆ ಮಾರುವವರು. ತೂಕದ ವಿಷಯದಲ್ಲಿ ನಮಗೆ ತೊಂದರೆ ಇಲ್ಲ. ಮಡಿಚಿದ ಸೀರೆ ಕೊರಿಯರ್ ಕವರಿನಲ್ಲಿ ಚಪ್ಪಟೆಯಾಗಿ ಕೂರುತ್ತದೆ. ನಮ್ಮನ್ನು ಹಣ್ಣು ಮಾಡಿದ್ದು ಆರ್‌ಟಿಒ.

ಎನ್‌ಡಿಆರ್ ಎಂದರೆ ‘ನಾನ್ ಡೆಲಿವರಿ ರಿಪೋರ್ಟ್’, ಅಂದರೆ ಈ ದಿನ ಹಂಚಲು ಹೋಗಿ ಹಂಚಲಾಗಲಿಲ್ಲ ಎಂಬ ವರದಿ. ಅದರೊಡನೆ ಒಂದು ಕಾರಣವೂ ಇರುತ್ತದೆ: ಗ್ರಾಹಕರು ಮನೆಯಲ್ಲಿಲ್ಲ, ವಿಳಾಸ ಅಪೂರ್ಣ, ಗ್ರಾಹಕರು ಬೇಡವೆಂದರು, ಇನ್ನೊಂದು ದಿನ ತರಲು ಹೇಳಿದರು, ಹಣ ಸಿದ್ಧವಿರಲಿಲ್ಲ ಎಂಬಂತೆ. ಅದು ಕೊನೆಯ ತೀರ್ಪಲ್ಲ, ನಿಮಗೆ ಕೊಟ್ಟ ಸೂಚನೆ. ಆ ಸೂಚನೆಗೆ ನೀವು ‘ರೀ ಅಟೆಂಪ್ಟ್’ ಎಂದು ಉತ್ತರಿಸಿ, ಸರಿಯಾದ ದೂರವಾಣಿ ಸಂಖ್ಯೆಯನ್ನೋ ಗುರುತಿನ ಜಾಗವನ್ನೋ ಕೊಟ್ಟರೆ ಮತ್ತೆ ಹೋಗುತ್ತಾರೆ. ಸಾಮಾನ್ಯವಾಗಿ ಮೂರು ಪ್ರಯತ್ನಗಳವರೆಗೆ ಅವಕಾಶವಿರುತ್ತದೆ. ನೀವು ಸುಮ್ಮನಿದ್ದರೆ ಪಾರ್ಸೆಲ್ ಆರ್‌ಟಿಒ, ಅಂದರೆ ‘ರಿಟರ್ನ್ ಟು ಒರಿಜಿನ್’, ಹೊರಟಲ್ಲಿಗೇ ವಾಪಸು. ನಿಮ್ಮ ಲಖನೌ ಪಾರ್ಸೆಲ್‌ನ ಆ ನಾಲ್ಕು ದಿನಗಳು ನಿಮ್ಮ ಉತ್ತರಕ್ಕಾಗಿ ಇದ್ದ ದಿನಗಳಾಗಿದ್ದವು. ಇದನ್ನು ನಿಮಗೆ ಯಾರೂ ಹೇಳಲಿಲ್ಲ ಎಂಬುದೇ ನನಗೆ ಸಂಕಟದ ಸಂಗತಿ, ಏಕೆಂದರೆ ನಮಗೂ ಯಾರೂ ಹೇಳಿರಲಿಲ್ಲ.

ಒಂದು ದೀಪಾವಳಿಯ ಸಮಯದಲ್ಲಿ ನಮ್ಮ ಹದಿನೇಳು ಸೀರೆಗಳು ಒಟ್ಟಿಗೆ ಮರಳಿ ಬಂದವು. ಕವರು ಬಿಚ್ಚಿ ನೋಡಿದರೆ ಎರಡರ ಸೆರಗಿನ ಮಡಿಕೆಗೆ ತೇವ ಹಿಡಿದು ಕೆಂಪು ಬಣ್ಣ ಹರಡಿತ್ತು. ನೇಯ್ದವರ ಮುಂದೆ ಆ ಸೆರಗನ್ನು ಹಿಡಿದು ನಿಲ್ಲುವುದು ಬಹಳ ಕಷ್ಟವಾಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಬೆಳಿಗ್ಗೆ ಮಗ್ಗದ ಸದ್ದಿಗಿಂತ ಮೊದಲು ಎನ್‌ಡಿಆರ್ ಪಟ್ಟಿ ತೆರೆಯುತ್ತದೆ. ನನ್ನ ತಂಗಿ ಪ್ರತಿಯೊಬ್ಬ ಗ್ರಾಹಕರಿಗೂ ಕರೆ ಮಾಡುತ್ತಾಳೆ. ‘ನಮಗೆ ಯಾರೂ ಫೋನೇ ಮಾಡಲಿಲ್ಲ, ನಾವು ದಿನವೆಲ್ಲ ಮನೆಯಲ್ಲೇ ಇದ್ದೆವು’ ಎಂದು ಗ್ರಾಹಕರು ಹೇಳಿದರೆ, ಆ ಮಾತನ್ನು ಸಂದೇಶವಾಗಿ ಬರೆಸಿಕೊಂಡು ದೂರಿನೊಡನೆ ಲಗತ್ತಿಸುತ್ತೇವೆ. ಕ್ಯಾಶ್ ಆನ್ ಡೆಲಿವರಿ ಬೇಡಿಕೆ ಬಂದರೆ, ಕಳುಹಿಸುವ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ‘ಹೌದು, ಬೇಕು’ ಎಂಬ ಉತ್ತರ ಪಡೆಯದೆ ಸೀರೆಯನ್ನು ಕಪಾಟಿನಿಂದ ತೆಗೆಯುವುದಿಲ್ಲ. ಗಿರಾಕಿಗಳು ಸ್ವಲ್ಪ ಕಡಿಮೆಯಾದರು. ಮರಳಿ ಬರುವ ಸೀರೆಗಳು ಅದಕ್ಕಿಂತ ಬಹಳ ಹೆಚ್ಚು ಕಡಿಮೆಯಾದವು.

ಆರ್‌ಟಿಒ ಬೇರೆ, ‘ರಿವರ್ಸ್ ಪಿಕಪ್’ ಬೇರೆ ಎಂಬುದನ್ನೂ ಗಮನಿಸಿ. ಮೊದಲನೆಯದು ಗ್ರಾಹಕರ ಕೈ ಸೇರದೆಯೇ ಮರಳಿದ್ದು, ಎರಡನೆಯದು ಸೇರಿದ ಮೇಲೆ ಅವರು ಹಿಂದಿರುಗಿಸಿದ್ದು. ಎರಡಕ್ಕೂ ದರ ಬೇರೆ. ಸಿಒಡಿ ಎಂದರೆ ಕ್ಯಾಶ್ ಆನ್ ಡೆಲಿವರಿ; ‘ಸಿಒಡಿ ರೆಮಿಟೆನ್ಸ್’ ಎಂದರೆ ಕೊರಿಯರ್‌ನವರು ಬಾಗಿಲಲ್ಲಿ ಪಡೆದ ಹಣ ನಿಮ್ಮ ಖಾತೆಗೆ ಬರುವ ಕ್ರಮ. ‘ಡಿ ಪ್ಲಸ್ 7’ ಎಂದಿದ್ದರೆ ಹಂಚಿಕೆಯಾಗಿ ಏಳು ದಿನಕ್ಕೆ ಎಂದರ್ಥ.

ಉತ್ತರ 3: ಬುಕಿಂಗ್‌ಕೌಂಟರ್, ಹುಬ್ಬಳ್ಳಿ

ಮೇಲಿನ ಇಬ್ಬರೂ ಚೆನ್ನಾಗಿ ತಿಳಿಸಿದ್ದಾರೆ. ನಾನು ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಬುಕಿಂಗ್ ನೋಡಿಕೊಂಡವನು, ಈಗ ನಿವೃತ್ತ. ಹೊಸ ಪದಗಳೆಂದು ಹೆದರುವ ಅಗತ್ಯವಿಲ್ಲ, ಇವುಗಳಲ್ಲಿ ಹಲವು ನಮ್ಮ ಹಳೆಯ ವ್ಯವಹಾರವೇ. ವಾರಪತ್ರಿಕೆಗಳ ಜಾಹೀರಾತಿನಲ್ಲಿ ‘ವಿ.ಪಿ.ಪಿ. ಮೂಲಕ ಕಳುಹಿಸಲಾಗುವುದು’ ಎಂದು ಬರುತ್ತಿತ್ತಲ್ಲ, ಅಂಚೆಯಣ್ಣ ಹಣ ಪಡೆದು ಪೊಟ್ಟಣ ಕೊಡುತ್ತಿದ್ದ ಆ ಪದ್ಧತಿಯೇ ಇಂದಿನ ಸಿಒಡಿ. ಆದರೆ ಸಿಒಡಿಯನ್ನು ನಮ್ಮ ಲಾರಿ ಕಚೇರಿಯ ‘ಟು ಪೇ’ ಜೊತೆ ಬೆರೆಸಬೇಡಿ. ‘ಟು ಪೇ’ ಎಂದರೆ ಸರಕು ಬಿಡಿಸಿಕೊಳ್ಳುವವರು ಬಾಡಿಗೆಯನ್ನು ಮಾತ್ರ ಕೊಡಬೇಕು. ಸರಕಿನ ಬೆಲೆ ನಿಮ್ಮ ನಿಮ್ಮಲ್ಲಿಯ ಲೆಕ್ಕ. ಸಿಒಡಿಯಲ್ಲಿ ವಸೂಲಾಗುವುದು ಸರಕಿನ ಬೆಲೆ. ಅಂಗಡಿಗೆ ಸಗಟು ಕಳುಹಿಸುವಾಗ ಈ ಗೊಂದಲದಿಂದ ಜಗಳಗಳಾದದ್ದನ್ನು ನಾನು ಕೌಂಟರಿನ ಈಚೆ ಕುಳಿತು ನೋಡಿದ್ದೇನೆ. ಕಳುಹಿಸುವವರು ಕನ್ಸೈನರ್, ಪಡೆಯುವವರು ಕನ್ಸೈನಿ, ಇಬ್ಬರ ನಡುವಿನ ಪುರಾವೆ ಎಲ್‌ಆರ್, ಅಂದರೆ ಲಾರಿ ರಸೀದಿ. ಬಂದ ಸರಕನ್ನು ಹೊತ್ತಿಗೆ ಸರಿಯಾಗಿ ಬಿಡಿಸಿಕೊಳ್ಳದೆ ಗೋದಾಮಿನಲ್ಲೇ ಬಿಟ್ಟರೆ ಬೀಳುವುದು ಡೆಮರೇಜ್.

ನೀವು ಕೇಳದಿದ್ದರೂ ಎರಡು ವಿಷಯ ಹೇಳಲೇಬೇಕು. ಒಂದು, ಪಾರ್ಸೆಲ್ ಕಳೆದರೆ ಏನು ಸಿಗುತ್ತದೆ ಎಂಬುದು. 2007ರ ರಸ್ತೆ ಸಾಗಣೆ ಕಾಯ್ದೆ ಕೊರಿಯರ್ ಏಜೆನ್ಸಿಗಳಿಗೂ ಅನ್ವಯಿಸುತ್ತದೆ. ಕಳುಹಿಸುವಾಗ ಹೆಚ್ಚಿನ ಮೌಲ್ಯ ಘೋಷಿಸಿ ಅದಕ್ಕೆ ತಕ್ಕ ಹೆಚ್ಚುವರಿ ದರ ಕೊಡದಿದ್ದರೆ, ಅದರ ನಿಯಮಗಳ ಪ್ರಕಾರ ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. 60 ರೂಪಾಯಿ ಬಾಡಿಗೆಯಲ್ಲಿ 2400 ರೂಪಾಯಿಯ ಬೊಂಬೆ ಕಳುಹಿಸಿದ್ದರೆ ಹೊಣೆ 600 ರೂಪಾಯಿ. ‘ಡಿಕ್ಲೇರ್ಡ್ ವ್ಯಾಲ್ಯೂ’ (ಘೋಷಿಸಿದ ಮೌಲ್ಯ), ‘ಓನರ್ಸ್ ರಿಸ್ಕ್’ (ನಷ್ಟದ ಹೊಣೆ ಸರಕಿನ ಒಡೆಯರದು), ‘ಕ್ಯಾರಿಯರ್ಸ್ ರಿಸ್ಕ್’ (ಹೊಣೆ ಸಾಗಣೆದಾರರದು) ಎಂಬ ಪದಗಳು ಬಿಲ್ಲಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತವೆ, ದಯವಿಟ್ಟು ಓದಿ. ಕಳೆದುಹೋದ ಸರಕಿಗಾಗಿ ದಾವೆ ಹೂಡಬೇಕಾದರೆ, ಬುಕಿಂಗ್ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸು ಕೊಟ್ಟಿರಬೇಕು. ಫೋನಿನಲ್ಲಿ ಮಾತಾಡಿದ್ದು ನೋಟಿಸ್ ಆಗುವುದಿಲ್ಲ.

ಎರಡನೆಯದು ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಜಿಎಸ್‌ಟಿ ಜಾಲತಾಣದಲ್ಲಿ ಮಾಡಿಕೊಳ್ಳುವ ಪತ್ರ. ಸರಕಿನ ಮೌಲ್ಯ 50,000 ರೂಪಾಯಿ ದಾಟಿದರೆ ಮಾತ್ರ ಅದು ಬೇಕು ಎಂಬುದು ಎಲ್ಲರೂ ಹೇಳುವ ಮಾತು. ಆದರೆ ಜಿಎಸ್‌ಟಿ ನೋಂದಣಿಯಿಂದ ವಿನಾಯಿತಿ ಪಡೆದವರು ಕರಕುಶಲ ವಸ್ತುಗಳನ್ನು ಹೊರರಾಜ್ಯಕ್ಕೆ ಕಳುಹಿಸುವಾಗ ಮೌಲ್ಯ ಎಷ್ಟೇ ಇದ್ದರೂ ಇ-ವೇ ಬಿಲ್ ಮಾಡಬೇಕು. ಜಿಎಸ್‌ಟಿಯ ಕರಕುಶಲ ವಸ್ತುಗಳ ಪಟ್ಟಿಯಲ್ಲಿ ಚನ್ನಪಟ್ಟಣದ ಬೊಂಬೆಯ ಹೆಸರೇ ಇದೆ. ನಿಮ್ಮ ನೋಂದಣಿ ಯಾವ ಬಗೆಯದು ಎಂದು ತೆರಿಗೆ ಸಲಹೆಗಾರರೊಡನೆ ಒಮ್ಮೆ ಖಚಿತಪಡಿಸಿಕೊಳ್ಳಿ.

ಉತ್ತರ 4: ದೂರದೂರು, ಮ್ಯೂನಿಕ್

ನಮಸ್ಕಾರ. ನಾನು ಪೆಟ್ಟಿಗೆ ಕಳುಹಿಸುವವಳಲ್ಲ, ಬಾಗಿಲಲ್ಲಿ ನಿಂತು ಪಡೆಯುವವಳು. ಮಗಳಿಗೆಂದು ಊರಿನಿಂದ ಒಂದು ಮರದ ಅಡುಗೆ ಸಾಮಾನಿನ ಆಟಿಕೆ ತರಿಸಿದ್ದೆ. ಬಂದವರು ಪೆಟ್ಟಿಗೆ ಕೊಡುವ ಮೊದಲು ತೆರಿಗೆಯನ್ನೂ ಅದನ್ನು ಮುಂಗಡವಾಗಿ ಕಟ್ಟಿದ್ದಕ್ಕೆ ಒಂದು ಸೇವಾ ಶುಲ್ಕವನ್ನೂ ಕೇಳಿದರು. ಮಾರಿದವರು ಮೋಸ ಮಾಡಿದರೆಂದೇ ಆ ಗಳಿಗೆಯಲ್ಲಿ ನನಗೆ ಅನಿಸಿತ್ತು. ಅವರದು ತಪ್ಪಿರಲಿಲ್ಲ, ಮೊದಲೇ ತಿಳಿಸಿರಲಿಲ್ಲ ಅಷ್ಟೇ. ನಿಮ್ಮ ಗ್ರಾಹಕರು ಡಿಎಪಿ, ಡಿಡಿಪಿ ಎಂದು ಕೇಳಿದ್ದು ಇದಕ್ಕಾಗಿಯೇ.

ಇವು ಇನ್‌ಕೋಟರ್ಮ್ಸ್ ಎಂಬ ಪದಗುಚ್ಛಕ್ಕೆ ಸೇರಿದವು. ಪ್ಯಾರಿಸ್ಸಿನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ ಇವನ್ನು 1936ರಲ್ಲಿ ಮೊದಲು ಪ್ರಕಟಿಸಿತು. 2020ರ ಆವೃತ್ತಿಯಲ್ಲಿ 11 ಪದಗಳಿವೆ, ನಿಮಗೆ ಸದ್ಯಕ್ಕೆ ಎರಡು ಸಾಕು. ಡಿಎಪಿ ಎಂದರೆ ಗ್ರಾಹಕರ ಊರಿನವರೆಗೆ ಸಾಗಿಸುವ ವೆಚ್ಚ ಮತ್ತು ಹೊಣೆ ನಿಮ್ಮದು, ಅಲ್ಲಿಯ ಸುಂಕ ಮತ್ತು ತೆರಿಗೆ ಗ್ರಾಹಕರದು. ಡಿಡಿಪಿ ಎಂದರೆ ಸುಂಕ, ತೆರಿಗೆಗಳೂ ನಿಮ್ಮವೇ, ಗ್ರಾಹಕರು ಬಾಗಿಲು ತೆರೆದು ಪೆಟ್ಟಿಗೆ ತೆಗೆದುಕೊಂಡರಾಯಿತು. ಐರೋಪ್ಯ ಒಕ್ಕೂಟದಲ್ಲಿ ಹಿಂದೆ 22 ಯೂರೊವರೆಗಿನ ಪಾರ್ಸೆಲ್‌ಗೆ ವ್ಯಾಟ್ ವಿನಾಯಿತಿ ಇತ್ತು. 2021ರ ಜುಲೈ 1ರಿಂದ ಅದು ರದ್ದಾಗಿದೆ. ಈಗ ಚಿಕ್ಕ ಬೊಂಬೆಗೂ ವ್ಯಾಟ್ ಉಂಟು, ಜರ್ಮನಿಯಲ್ಲಿ ಶೇ 19. ಆರಂಭಕ್ಕೆ ಡಿಎಪಿ ಇಟ್ಟುಕೊಂಡು, ಬಾಗಿಲಲ್ಲಿ ಹಣ ಕೇಳುತ್ತಾರೆಂಬುದನ್ನು ಬಿಲ್ಲಿನಲ್ಲೂ ಪತ್ರದಲ್ಲೂ ಸ್ಪಷ್ಟವಾಗಿ ಬರೆಯುವುದು ನಿಮಗೆ ಸುರಕ್ಷಿತ ಎಂದು ನನ್ನ ಅಭಿಪ್ರಾಯ.

ಅಂಚೆಯಲ್ಲಿ ಕಳುಹಿಸಿದರೆ ಸಿಎನ್ 22 ಅಥವಾ ಸಿಎನ್ 23 ಎಂಬ ಸುಂಕ ಘೋಷಣೆಯ ನಮೂನೆ ಇರುತ್ತದೆ. ಅದರಲ್ಲಿ ‘ಉಡುಗೊರೆ’ ಎಂದು ಬರೆದು ತೆರಿಗೆ ಉಳಿಸಲು ಕೆಲವರು ಸಲಹೆ ಕೊಡುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ಮಾರಿದ ವಸ್ತುವನ್ನು ಉಡುಗೊರೆ ಎನ್ನುವುದು ಸುಳ್ಳು ಘೋಷಣೆ. ‘ಮರದ ಆಟಿಕೆ’ ಎಂದು ಬರೆದು, ಸರಕಿನ ಬಗೆಯನ್ನು ಗುರುತಿಸುವ ಎಚ್‌ಎಸ್‌ಎನ್ ಸಂಖ್ಯೆ ಹಾಕಿ, ಆಟಿಕೆಗಳದು 9503. ವ್ಯಾಪಾರಕ್ಕಾಗಿ ರಫ್ತು ಮಾಡಲು ಐಇಸಿ, ಅಂದರೆ ಆಮದು–ರಫ್ತುದಾರರ ಗುರುತಿನ ಸಂಖ್ಯೆ ಬೇಕು. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳಲ್ಲಿ ರಫ್ತಿನ ಕಾಗದಪತ್ರಗಳಿಗೆ ನೆರವು ಸಿಗುತ್ತದೆ. ಕಾಗದದಲ್ಲಿ ‘ಎಫ್‌ಒಬಿ ಮೌಲ್ಯ’ ಎಂದು ಕೇಳಿದರೆ ವಿದೇಶಕ್ಕೆ ಸಾಗಿಸುವ ವೆಚ್ಚ ಮತ್ತು ವಿಮೆ ಸೇರಿಸದ ಮೌಲ್ಯ, ‘ಸಿಐಎಫ್’ ಎಂದರೆ ಅವೆರಡೂ ಸೇರಿದ್ದು. ಪಾರ್ಸೆಲ್ ಎಲ್ಲಿದೆ ಎಂದು ನೋಡಲು ಅಂಚೆಯವರು ಕೊಡುವ ಸಂಖ್ಯೆ ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ‘ಐಎನ್’ ಸೇರಿ 13 ಗುರುತುಗಳದು.

ಸಾಗಣೆಗಿಂತ ದೊಡ್ಡ ಮಾತೊಂದಿದೆ. ಇಲ್ಲಿ ಮಾರುವ ಆಟಿಕೆಗೆ ಸಿಇ ಗುರುತು, ಅಂದರೆ ಒಕ್ಕೂಟದ ಸುರಕ್ಷತಾ ನಿಯಮಗಳಿಗೆ ಹೊಂದುತ್ತದೆ ಎಂಬ ಗುರುತು ಕಡ್ಡಾಯ, ಒಕ್ಕೂಟದೊಳಗೆ ಹೊಣೆ ಹೊರುವ ಒಬ್ಬ ಪ್ರತಿನಿಧಿಯ ವಿಳಾಸವೂ ಬೇಕು. ಇವಿಲ್ಲದ ಪೆಟ್ಟಿಗೆಯನ್ನು ಸುಂಕದ ಕಚೇರಿಯಲ್ಲೇ ತಡೆಯಬಹುದು. ಹಣ ಪಡೆಯುವ ಮುನ್ನ ಇದನ್ನು ಇತ್ಯರ್ಥ ಮಾಡಿಕೊಳ್ಳಿ.

ಅರಗಿನಬಣ್ಣ, ಚನ್ನಪಟ್ಟಣ

ನಿಮ್ಮೆಲ್ಲರಿಗೂ ಮನಃಪೂರ್ವಕ ವಂದನೆಗಳು. ಹಳೆಯ ಪೆಟ್ಟಿಗೆಯನ್ನು ಅಳೆದೆ: 29, 21, 15 ಸೆಂ.ಮೀ. ಬಂದಿತು, ಅಂದರೆ 1.8 ಕೆ.ಜಿ.ಗೂ ಸ್ವಲ್ಪ ಹೆಚ್ಚು. ಬಿಲ್ಲಿನಲ್ಲಿ ತಪ್ಪಿರಲಿಲ್ಲ. ಜರ್ಮನಿಯವರಿಗೆ ಸಿಇ ಗುರುತಿನ ವಿಷಯ ವಿಚಾರಿಸುವವರೆಗೆ ಕಾಯುವಂತೆ ಬರೆದಿದ್ದೇನೆ. ರಟ್ಟಿನ ಪೆಟ್ಟಿಗೆ ಮಾಡುವವರಿಗೆ 24, 16, 11 ಎಂದು ಹೇಳಿದರೆ, ‘ಒಳ ಅಳತೆಯೋ ಹೊರ ಅಳತೆಯೋ’ ಎಂದು ಕೇಳುತ್ತಿದ್ದಾರೆ. ಯಾವುದನ್ನು ಹೇಳಲಿ?

ಹಬ್‌ಕೆಲಸ, ನೆಲಮಂಗಲ

ಅವರು ಪೆಟ್ಟಿಗೆ ಮಾಡುವುದು ಒಳ ಅಳತೆಗೆ, ಹಬ್‌ನ ಯಂತ್ರ ನೋಡುವುದು ಹೊರ ಅಳತೆಯನ್ನು. ರಟ್ಟಿನ ದಪ್ಪ ಎರಡೂ ಬದಿಗೆ ಸೇರುವುದರಿಂದ, ಮುಚ್ಚಿ ಟೇಪು ಹಾಕಿದ ಮೇಲೆ ಹೊರಗಡೆ 24, 16, 11 ಬರಬೇಕು ಎಂದು ಹೇಳಿ. ಮೊದಲು ಒಂದೇ ಒಂದು ಪೆಟ್ಟಿಗೆ ಮಾಡಿಸಿ, ಬೊಂಬೆ ಇಟ್ಟು, ಮೇಲೆ ಕೈಯಿಂದ ಒತ್ತದೆ ಮುಚ್ಚಳ ಸಮನಾಗಿ ಕೂರುತ್ತದೆಯೇ ಎಂದು ನೋಡಿ, ಆ ಬಳಿಕ ಉಳಿದವಕ್ಕೆ ಹಣ ಕೊಡಿ.